ಬೆಲ್ಟ್ ಹಾಕಿರುವುದು ಕುತ್ತಿಗೆಗೆ, ಹಿಡಿದಿರುವುದು ಹೆಗಲು

ಪ್ರಶ್ನೆ: ನನಗೆ 49 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ, 22 ವರ್ಷವಾಯಿತು. ಆರು ವರ್ಷದಿಂದ ಶುಗರ್ ಇದೆ. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಕಳೆದ ಸಲ 8.9 ಬಂದಿತ್ತು. ಐದು ತಿಂಗಳಿಂದ ಬಲಗಡೆ ಕುತ್ತಿಗೆ, ಹೆಗಲು, ರಟ್ಟೆ ಎಲ್ಲಾ ನೋವು. ರಾತ್ರಿ ಬಲಕ್ಕೆ ಹೊರಳಿದರೆ ಎಚ್ಚರವಾಗಿಬಿಡುತ್ತದೆ. ಜಡೆ ಹಾಕಿಕೊಳ್ಳಲು ಕೈ ಎತ್ತಲಾಗುವುದಿಲ್ಲ. ಹಿಂದಿನ ಹುಕ್ಕು ಹಾಕಿಕೊಳ್ಳಲು ಮಗಳನ್ನೇ ಕರೆಯಬೇಕು. ಎಕ್ಸ್‌ರೇ ತೆಗೆಸಿದಾಗ ಸರ್ವೈಕಲ್ ಸ್ಪಾಂಡಿಲೋಸಿಸ್, ಮೂಳೆ ಸವೆದಿದೆ ಎಂದು ಹೇಳಿ ಕುತ್ತಿಗೆಗೆ ಬೆಲ್ಟ್ ಕೊಟ್ಟರು. ಮೂರು ತಿಂಗಳಿಂದ ಹಾಕುತ್ತಿದ್ದೇನೆ, ನೋವಿನ ಮಾತ್ರೆಯನ್ನೂ ದಿನಾ ನುಂಗುತ್ತಿದ್ದೇನೆ. ಕಡಿಮೆಯಾಗಿಲ್ಲ. ಆಪರೇಷನ್ ಬೇಕಾಗುತ್ತದಾ? ಹೊಲಿಗೆ ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಹುಕ್ಕಿನ ಮಾತಿನ ಮೇಲೆ. ಕುತ್ತಿಗೆಯ ತೊಂದರೆ ಇರುವವರು ಸಾಮಾನ್ಯವಾಗಿ ಕುತ್ತಿಗೆಯ ಕಷ್ಟವನ್ನೇ ಹೇಳುತ್ತಾರೆ. ತಿರುಗಿ ನೋಡಲು ಆಗಲ್ಲ, ತಲೆ ಮೇಲೆತ್ತಿದರೆ ಕೈಗೆ ಸೆಳೆತ ಬರುತ್ತೆ, ಬೆರಳು ಜೋಮು ಹಿಡಿಯುತ್ತೆ ಎನ್ನುತ್ತಾರೆ. ನೀವು ಇದ್ಯಾವುದನ್ನೂ ಬರೆದಿಲ್ಲ. ಬರೆದಿರುವುದು ಜಡೆ, ಹುಕ್ಕು, ಬಲಕ್ಕೆ ಮಲಗಲಾಗದ ರಾತ್ರಿ. ಈ ಮೂರೂ ಹೆಗಲಿನ ಕೀಲಿನ ದೂರುಗಳು. ಜೊತೆಗೆ 49 ವರ್ಷ, ಹೆಣ್ಣುಮಗಳು, ಶುಗರ್. ಪತ್ರ ನೋಡಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಮುಟ್ಟಿ ನೋಡಲೇಬೇಕು. ಆದರೂ ನನಗೆ ಬಲವಾಗಿ ಅನ್ನಿಸುವುದು ಇದು ಫ್ರೋಜನ್ ಶೋಲ್ಡರ್, ಅಂದರೆ ಹೆಗಲು ಹಿಡಿದುಕೊಂಡಿರುವುದು. ಕುತ್ತಿಗೆ ಇದರಲ್ಲಿ ಜೊತೆಗಾರ ಅಷ್ಟೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನೇರವಾಗಿ ಕೂತುಕೊಳ್ಳಿ. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಮಡಚಿ, ಅಂಗೈ ಎದುರುಬದುರಾಗಿರಲಿ. ಈಗ ಮೊಣಕೈಯನ್ನು ಪಕ್ಕೆಯಿಂದ ಬಿಡಿಸದೆ ಎರಡೂ ಮುಂಗೈಗಳನ್ನು ಹೊರಕ್ಕೆ ತೆರೆಯಿರಿ, ಜೋಡಿ ಬಾಗಿಲು ತೆರೆದಂತೆ. ಎಡಗೈ ಸಲೀಸಾಗಿ ತೆರೆದುಕೊಂಡು, ಬಲಗೈ ಸ್ವಲ್ಪ ದೂರಕ್ಕೇ ಗಕ್ಕನೆ ನಿಂತುಬಿಟ್ಟರೆ ಗಮನಿಸಿ. ಈಗ ಮಗಳಿಗೆ ಹೇಳಿ, ಅವಳು ಮೆಲ್ಲಗೆ ಬಲಗೈ ಹಿಡಿದು ಇನ್ನೊಂದಿಷ್ಟು ಹೊರಳಿಸಲು ನೋಡಲಿ. ನೀವು ಬಲ ಬಿಟ್ಟು ಸುಮ್ನೆ ಇರಿ. ಆಗಲೂ ಕೈ ಅಲ್ಲೇ ನಿಂತರೆ ತೊಡಕು ಕೀಲಿನ ಒಳಗೇ ಇದೆ ಎಂದರ್ಥ. ಕುತ್ತಿಗೆಯ ನರ ಎಷ್ಟೇ ಒತ್ತಿದರೂ ಕೈಗೆ ನೋವು, ಜೋಮು, ಬಲಹೀನತೆ ಬರಬಹುದು. ಆದರೆ ಬೇರೆಯವರು ಹಿಡಿದು ತಿರುಗಿಸಿದಾಗ ಕೀಲು ತಿರುಗಬೇಕು. ತಿರುಗದಿದ್ದರೆ ಹೆಗಲನ್ನೇ ನೋಡಬೇಕು.

ನಿಮ್ಮ ಕುತ್ತಿಗೆಯ ಎಕ್ಸ್‌ರೇ ತೆಗೆದಿದ್ದಾರೆ. ಹೆಗಲಿನ ಎಕ್ಸ್‌ರೇ ತೆಗೆದಂತಿಲ್ಲ. ಅದೊಂದು ಬೇಕು. ಫ್ರೋಜನ್ ಶೋಲ್ಡರ್‌ನಲ್ಲಿ ಹೆಗಲಿನ ಎಕ್ಸ್‌ರೇ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಆದರೆ ಕೀಲಿನ ಸವೆತ, ಜಾರಿ ಕೂತ ಕೀಲು, ಮೂಳೆಯಲ್ಲಿ ಗಡ್ಡೆ ಇವೂ ಕೈಯನ್ನು ಹೀಗೇ ತಡೆಯಬಹುದು. ಅವು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಆ ಚಿತ್ರ.

ಹಾಗಾದರೆ ‘ಮೂಳೆ ಸವೆದಿದೆ’ ಎಂದದ್ದು ಸುಳ್ಳಾ? ಸುಳ್ಳಲ್ಲ. ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ, ನಡುವೆ ಮೆತ್ತೆಯಂತೆ ಡಿಸ್ಕ್‌ಗಳಿವೆ. ವಯಸ್ಸಾದಂತೆ ಡಿಸ್ಕ್‌ನ ನೀರು ಆರುತ್ತದೆ, ಅದು ತೆಳುವಾಗುತ್ತದೆ, ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳಿನಂತೆ ಬೆಳೆಯುತ್ತದೆ. ಇದಕ್ಕೇ ಸ್ಪಾಂಡಿಲೋಸಿಸ್ ಅನ್ನುವುದು. ಕೂದಲು ನರೆತ ಹಾಗೆ ಇದು. 60 ದಾಟಿದವರ ಕುತ್ತಿಗೆಯ ಎಕ್ಸ್‌ರೇ ತೆಗೆದರೆ ಹೆಚ್ಚಿನವರಲ್ಲಿ ಕಾಣುತ್ತದೆ, ಒಂದು ದಿನವೂ ಕುತ್ತಿಗೆ ನೋಯದವರಲ್ಲೂ. ಹಾಗಾಗಿ ಎಕ್ಸ್‌ರೇಯಲ್ಲಿ ಸವೆತ ಕಂಡಿತು ಎಂದ ಮಾತ್ರಕ್ಕೆ ನೋವು ಅಲ್ಲಿಂದಲೇ ಬಂತು ಎನ್ನಲಾಗುವುದಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ರಿಪೋರ್ಟ್ ಕೈಗೆ ಬಂದ ದಿನದಿಂದ ಎಷ್ಟೋ ಜನ ತಲೆ ತಿರುಗಿಸಲೂ ಹೆದರುತ್ತಾರೆ, ಬಿಂದಿಗೆ ಎತ್ತುವುದನ್ನು ಬಿಡುತ್ತಾರೆ, ತಮ್ಮ ಕುತ್ತಿಗೆ ಗಾಜಿನದು ಎಂಬಂತೆ ಬದುಕಲು ಶುರುಮಾಡುತ್ತಾರೆ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ.

ಈಗ ಹೆಗಲಿನ ಒಳಗೆ ಏನಾಗಿದೆ ನೋಡೋಣ. ಹೆಗಲಿನ ಕೀಲಿನ ಸುತ್ತ ತೆಳುವಾದ ಚೀಲದಂಥ ಪೊರೆ ಇದೆ. ಕೈ ಕೆಳಗಿದ್ದಾಗ ಅದು ಕಂಕುಳ ಕಡೆ ಸಡಿಲವಾಗಿ ನೆರಿಗೆ ಬಿದ್ದಿರುತ್ತದೆ. ರವಿಕೆಯ ಕಂಕುಳಲ್ಲಿ ನೀವು ಬಟ್ಟೆ ಬಿಟ್ಟಿರುತ್ತೀರಲ್ಲ, ಹಾಗೆ. ಅಲ್ಲಿ ಸಡಿಲ ಇದ್ದರೆ ತಾನೇ ಕೈ ಮೇಲೇಳುವುದು? ಈ ಕಾಯಿಲೆಯಲ್ಲಿ ಆ ಪೊರೆ ಮೊದಲು ಕೆರಳಿ ಊದಿಕೊಳ್ಳುತ್ತದೆ, ಆಮೇಲೆ ದಪ್ಪಗಾಗಿ ಕುಗ್ಗುತ್ತದೆ. ಕಂಕುಳ ಬಿಗಿಯಾದ ರವಿಕೆ ತೊಟ್ಟು ಕೈ ಎತ್ತಿದರೆ ಇಡೀ ರವಿಕೆ ಮೇಲೆ ಬರುತ್ತದಲ್ಲ, ಹಾಗೆಯೇ ಕೀಲು ತಿರುಗದೆ ಇಡೀ ಹೆಗಲೇ ಕಿವಿಯ ಕಡೆಗೆ ಏರುತ್ತದೆ. ಕನ್ನಡಿ ಮುಂದೆ ಕೈ ಎತ್ತಿ ನೋಡಿ, ಕಾಣುತ್ತದೆ. ಹೆಗಲನ್ನು ಹಾಗೆ ಎತ್ತುವ ಸ್ನಾಯು ಕುತ್ತಿಗೆಯ ಹಿಂಭಾಗದಿಂದಲೇ ಇಳಿದು ಬರುವುದು. ಐದು ತಿಂಗಳು ಅದರ ಮೇಲೆ ಜಾಸ್ತಿ ಕೆಲಸ ಬಿದ್ದಿದೆ, ಅದಕ್ಕೇ ಕುತ್ತಿಗೆಯೂ ನೋಯುತ್ತಿದೆ. ಬೆಲ್ಟ್ ಅದನ್ನು ಹೇಗೆ ವಾಸಿ ಮಾಡೀತು?

ಬಾಸ್ಟನ್‌ನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಈ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಎಂಬ ಹೆಸರು ಕೊಟ್ಟರು. ವಿವರಿಸಲೂ ಕಷ್ಟ, ವಾಸಿ ಮಾಡಲೂ ಕಷ್ಟ ಎಂಬ ಅರ್ಥದಲ್ಲಿ ಬರೆದಿದ್ದರು. ಈಗ ನಮಗೆ ಅಷ್ಟು ಕತ್ತಲೆ ಇಲ್ಲ. 40ರಿಂದ 60ರ ನಡುವೆ ಹೆಚ್ಚು ಬರುತ್ತದೆ, ಹೆಂಗಸರಿಗೆ ಹೆಚ್ಚು. ಶುಗರ್ ಇದ್ದವರಿಗೆ ಇಲ್ಲದವರಿಗಿಂತ ಹಲವು ಪಟ್ಟು ಹೆಚ್ಚು, ಥೈರಾಯ್ಡ್ ತೊಂದರೆ ಇದ್ದವರಿಗೂ ಬರುತ್ತದೆ. ರಕ್ತದಲ್ಲಿ ಬಹಳ ಕಾಲ ಸಕ್ಕರೆ ಏರಿಕೊಂಡೇ ಇದ್ದರೆ ಪೊರೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಇವುಗಳ ನಾರು ಗಡುಸಾಗುತ್ತದೆ ಎಂಬುದು ಒಂದು ವಿವರಣೆ. ಹೆಗಲಿನ ನೋವು ಎಂದು ಬಂದವರಿಗೆ ಪರೀಕ್ಷೆ ಮಾಡಿಸಿ, ಶುಗರ್ ಇರುವುದು ಅಲ್ಲೇ ಮೊದಲು ಗೊತ್ತಾಗುವುದೂ ಉಂಟು. ನೀವು ಒಮ್ಮೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಕಾಯಿಲೆ ಮೂರು ಹಂತದಲ್ಲಿ ಹೋಗುತ್ತದೆ. ಮೊದಲು ನೋವಿನ ಕಾಲ, ರಾತ್ರಿ ನಿದ್ದೆ ಕೆಡಿಸುವಂಥದ್ದು. ಎರಡರಿಂದ ಒಂಬತ್ತು ತಿಂಗಳು. ಆಮೇಲೆ ನೋವು ಇಳಿದು ಬಿಗಿತ ಮಾತ್ರ ಉಳಿಯುವ ಕಾಲ. ಕೊನೆಗೆ ನಿಧಾನವಾಗಿ ಸಡಿಲವಾಗುವ ಕಾಲ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಶುಗರ್ ಇದ್ದವರಿಗೆ ಹೆಚ್ಚು ಹಿಡಿಯುತ್ತದೆ. ಇದನ್ನು ಕೇಳಿ ಎದೆಗುಂದಬೇಡಿ. ಇಷ್ಟು ದಿನ ಸುಮ್ಮನೆ ಸಹಿಸಬೇಕು ಎಂದಲ್ಲ. ನೋವನ್ನು ಬೇಗ ಇಳಿಸಬಹುದು, ಚಲನೆಯನ್ನೂ ಬೇಗ ಮರಳಿಸಿಕೊಳ್ಳಬಹುದು. ಆದರೆ ‘ಹದಿನೈದು ದಿನದಲ್ಲಿ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿ ಸರಿಮಾಡುತ್ತೇವೆ ಎನ್ನುವವರ ಹತ್ತಿರವಂತೂ ಹೋಗಲೇಬೇಡಿ. ಕುತ್ತಿಗೆಯ ಮೂಳೆಗಳ ಒಳಗಿಂದಲೇ ಮೆದುಳಿಗೆ ರಕ್ತನಾಳ ಹೋಗುತ್ತದೆ. ಜೋರಾದ ಒಂದು ತಿರುವಿಗೆ ಅದು ಒಳಗೆ ಹರಿದು ಪಾರ್ಶ್ವವಾಯು ಆಗುವುದುಂಟು. ಅಪರೂಪ, ಆದರೆ ಹಾಗೇನಾದರೂ ಆದರೆ ಜೀವನವೇ ಹೋಯಿತು. ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ತಪ್ಪಿಲ್ಲ, ಹಿತವಾಗುತ್ತದೆ.

ಚಿಕಿತ್ಸೆಯಲ್ಲಿ ನಾನು ಮೊದಲು ಕೈಹಾಕುವುದು ಶುಗರ್‌ಗೆ. 8.9 ಜಾಸ್ತಿಯಾಯಿತು. ನಿಮ್ಮ ಡಾಕ್ಟರನ್ನು ಕಂಡು 7ರ ಆಸುಪಾಸಿಗೆ ತರುವ ದಾರಿ ಕೇಳಿ.

ಎರಡನೆಯದು ನೋವಿನ ಮಾತ್ರೆ. ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ತರಹದ್ದಾದರೆ ಮೂರು ತಿಂಗಳು ದಿನಾ ನುಂಗಿದ್ದು ನನಗೆ ಆತಂಕದ ವಿಷಯ. ಇವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ. ಶುಗರ್‌ನಿಂದ ಮೊದಲೇ ದಣಿದ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಈ ವಾರವೇ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿ. ಮಲ ಕಪ್ಪಗಾಗಿದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ತೋರಿಸಿ. ಲಿವರ್ ತೊಂದರೆ ಇಲ್ಲದಿದ್ದರೆ ಸದ್ಯಕ್ಕೆ ಪ್ಯಾರಾಸಿಟಮಾಲ್ ವಾಸಿ, ಅದೂ ದಿನಕ್ಕೆ 3 ಗ್ರಾಂ ಮೀರದಂತೆ, ಡಾಕ್ಟರಿಗೆ ಹೇಳಿ.

ನೀವಿನ್ನೂ ನೋವಿನ ಹಂತದಲ್ಲಿದ್ದೀರಿ. ಈ ಹಂತದಲ್ಲಿ ಕೀಲಿನ ಒಳಗೆ ಕೊಡುವ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ತುಂಬಾ ಸಹಾಯ ಮಾಡುತ್ತದೆ. ಸ್ಟಿರಾಯ್ಡ್ ಎಂದ ಕೂಡಲೇ ಹೆದರುವವರೇ ಹೆಚ್ಚು. ತಿಂಗಳುಗಟ್ಟಲೆ ನುಂಗುವ ಸ್ಟಿರಾಯ್ಡ್ ಬೇರೆ, ಒಮ್ಮೆ ಕೀಲಿಗೆ ಕೊಡುವುದು ಬೇರೆ. ಆದರೆ ನಿಮ್ಮ ಸಂಗತಿಯಲ್ಲಿ ಒಂದು ಎಚ್ಚರ ಬೇಕು. ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಒಮ್ಮೊಮ್ಮೆ ಒಂದು ವಾರದವರೆಗೂ ಶುಗರ್ ಏರುತ್ತದೆ. ಹಾಗಾಗಿ ಶುಗರ್ ಡಾಕ್ಟರಿಗೆ ಮೊದಲೇ ತಿಳಿಸಿ, ಆ ವಾರ ಮನೆಯಲ್ಲಿ ದಿನಾ ಚೆಕ್ ಮಾಡಿಕೊಳ್ಳಿ. ಶುಗರ್ ಈಗಲೇ ವಿಪರೀತ ಇದ್ದರೆ ಮೊದಲು ಅದನ್ನು ಇಳಿಸಿಕೊಂಡು ಆಮೇಲೆ ತೆಗೆದುಕೊಳ್ಳಿ.

ಮೂರನೆಯದು ವ್ಯಾಯಾಮ. ನಿಜವಾದ ಔಷಧಿ ಇದೇ. ಆದರೆ ಇಲ್ಲೇ ಜನ ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ನೋವಿಗೆ ಹೆದರಿ ಕೈ ಅಲ್ಲಾಡಿಸುವುದೇ ಇಲ್ಲ, ಕೆಲವರು ಹಲ್ಲು ಕಚ್ಚಿ ಎಳೆಯುತ್ತಾರೆ. ಕೆರಳಿದ ಪೊರೆಯನ್ನು ಜೋರಾಗಿ ಎಳೆದರೆ ಇನ್ನೂ ಕೆರಳುತ್ತದೆ. ವ್ಯಾಯಾಮದ ನೋವು ಅರ್ಧ ಗಂಟೆಯೊಳಗೆ ಇಳಿಯಬೇಕು. ಆ ರಾತ್ರಿ ನೋವು ಹೆಚ್ಚಾದರೆ ಮಾರನೆಯ ದಿನ ಅರ್ಧ ಮಾಡಿ, ಪೂರ್ತಿ ಬಿಡಬೇಡಿ.

ಮೊದಲು ಹತ್ತು ನಿಮಿಷ ಬಿಸಿನೀರಿನ ಚೀಲದ ಶಾಖ. ಶುಗರ್ ಇದ್ದವರಿಗೆ ಚರ್ಮಕ್ಕೆ ಬಿಸಿ ತಿಳಿಯದೆ ಸುಟ್ಟುಕೊಳ್ಳುವುದುಂಟು, ಅದಕ್ಕೆ ಚೀಲವನ್ನು ಮಗಳ ಕೈಗೆ ಮುಟ್ಟಿಸಿ ನೋಡಿ, ಮೇಲೆ ಟವೆಲ್ ಸುತ್ತಿ. ಆಮೇಲೆ ಎಡಗೈಯನ್ನು ಕಟಿಂಗ್ ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಸುಮ್ನೆ ಇಳಿಬಿಡಿ. ಮೈಯನ್ನು ತೂಗಿ ಕೈ ಗಡಿಯಾರದ ಲೋಲಕದಂತೆ ಆಡಲಿ. ಹಿಂದೆ ಮುಂದೆ, ಪಕ್ಕಕ್ಕೆ, ಸಣ್ಣ ಸುತ್ತು, ಎರಡು ನಿಮಿಷ. ಇದು ಕಾಡ್‌ಮನ್ ಹೆಸರಿನಲ್ಲೇ ಇವತ್ತಿಗೂ ನಡೆಯುವ ವ್ಯಾಯಾಮ.

ಮುಂದಿನದಕ್ಕೆ ನಿಮ್ಮ ಹತ್ತಿರ ಇರುವ ಸಾಮಾನೇ ಸಾಕು. ನಿಮ್ಮ ಮರದ ಮೀಟರ್ ಸ್ಕೇಲ್ ತೆಗೆದುಕೊಂಡು ಅಂಗಾತ ಮಲಗಿ. ಎರಡೂ ಮೊಣಕೈ ಪಕ್ಕೆಗೆ ಅಂಟಿರಲಿ, ಎರಡೂ ಕೈಯಲ್ಲಿ ಸ್ಕೇಲ್‌ನ ತುದಿ ಹಿಡಿಯಿರಿ. ಎಡಗೈಯಿಂದ ಸ್ಕೇಲನ್ನು ತಳ್ಳಿ ಬಲಗೈಯನ್ನು ಮೆಲ್ಲಗೆ ಹೊರಕ್ಕೆ ಹೊರಳಿಸಿ, ಬಿಗಿ ತಾಗಿದ ಕಡೆ ಹತ್ತು ಎಣಿಸುವವರೆಗೆ ನಿಲ್ಲಿಸಿ, ಹತ್ತು ಸಲ. ಜೋಡಿ ಬಾಗಿಲಿನ ಪರೀಕ್ಷೆ ಹೇಳಿದೆನಲ್ಲ, ಅದೇ ಚಲನೆ. ಮೊದಲು ಹೋಗುವುದೂ ಅದೇ, ಹಟ ಹಿಡಿದು ವಾಪಸ್ ತರಬೇಕಾದದ್ದೂ ಅದೇ.

ಇನ್ನೊಂದು, ಗೋಡೆ ಹತ್ತುವುದು. ಹಳೆಯ ಅಳತೆ ಟೇಪನ್ನು ಗೋಡೆಗೆ ನೆಟ್ಟಗೆ ಅಂಟಿಸಿ. ಎದುರಿಗೆ ನಿಂತು ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸಿ. ಹೆಗಲು ಕಿವಿಗೆ ಏರದಂತೆ ನೋಡಿಕೊಳ್ಳಿ. ಎಷ್ಟು ಇಂಚಿಗೆ ನಿಂತಿತು ಎಂದು ಪ್ರತಿ ಭಾನುವಾರ ನಿಮ್ಮ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ದಿನಾ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ, ತಿಂಗಳ ಲೆಕ್ಕದಲ್ಲಿ ಗೊತ್ತಾಗುತ್ತದೆ. ಒಂದು ಇಂಚು ಏರಿದರೂ ಅದು ಗಳಿಕೆಯೇ. ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವ ವ್ಯಾಯಾಮವನ್ನು ಯಾರಾದರೂ ಹೇಳಿಕೊಟ್ಟರೆ, ರಾತ್ರಿಯ ನೋವು ಇಳಿಯುವ ತನಕ ಅದನ್ನು ಮುಂದೂಡಿ. ಇವೆಲ್ಲ ದಿನಕ್ಕೆ ಮೂರು ಸಲ. ಮೊದಲ ಕೆಲವು ದಿನ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ, ತಪ್ಪು ತಿದ್ದುತ್ತಾರೆ.

ಆಪರೇಷನ್ ಕೇಳಿದ್ದೀರಿ. ಕುತ್ತಿಗೆಗೆ ಬೇಕು ಎಂದು ನಿಮ್ಮ ಪತ್ರದಲ್ಲಿ ಯಾವ ಸೂಚನೆಯೂ ಇಲ್ಲ. ಹೆಗಲಿಗೂ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಆರು ತಿಂಗಳು ಸರಿಯಾಗಿ ಪ್ರಯತ್ನಪಟ್ಟೂ ಕೈ ಏಳದಿದ್ದರೆ ಕೀಲಿಗೆ ಸಲೈನ್ ತುಂಬಿ ಪೊರೆ ಹಿಗ್ಗಿಸುವುದು, ಅಥವಾ ಸಣ್ಣ ತೂತಿನ ಮೂಲಕ ದುರ್ಬೀನು ಹಾಕಿ ಪೊರೆ ಬಿಡಿಸುವುದು ಉಂಟು. ಆ ಮಾತು ಈಗ ಬೇಡ.

ಬೆಲ್ಟ್ ತೆಗೆದಿಡಿ. ತಟ್ಟನೆ ಕುತ್ತಿಗೆ ಉಳುಕಿದಾಗ ಎರಡು ಮೂರು ದಿನಕ್ಕೆ ಅದು ಸರಿ. ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಸೊರಗುತ್ತದೆ, ಕುತ್ತಿಗೆ ಇನ್ನೂ ಬಿಗಿಯಾಗುತ್ತದೆ. ಒಮ್ಮೆಗೇ ತೆಗೆಯಲು ಭಯವಾದರೆ ಒಂದು ವಾರದಲ್ಲಿ ದಿನಕ್ಕೆ ಇಷ್ಟಿಷ್ಟೇ ಹೊತ್ತು ಕಡಿಮೆ ಮಾಡಿ. ಬದಲಿಗೆ ಗಲ್ಲವನ್ನು ಹಿಂದಕ್ಕೆ ಎಳೆದು ಐದು ಎಣಿಸುವುದು, ಬೆನ್ನಿನ ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಹತ್ತು ಹತ್ತು ಸಲ ಮಾಡಿ.

ಇಷ್ಟು ಹೇಳಿದ ಮೇಲೂ ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ನೋವು ನಿಜವಾಗಿ ಕುತ್ತಿಗೆಯ ನರದ್ದೇ ಆದರೆ ಅದರ ಗುರುತು ಬೇರೆ. ಮೊಣಕೈ ದಾಟಿ ಬೆರಳಿನವರೆಗೆ ಮಿಂಚಿನಂತೆ ಇಳಿಯುತ್ತದೆ. ಆರನೆಯ ನರವಾದರೆ ಹೆಬ್ಬೆರಳು, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರುಬೆರಳು ಜೋಮು ಹಿಡಿಯುತ್ತದೆ. ಎಷ್ಟೋ ಜನರಿಗೆ ನೋಯುವ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುತ್ತದೆ. ಫ್ರೋಜನ್ ಶೋಲ್ಡರ್ ಇದ್ದವರಿಗೆ ಕೈ ತಲೆಯ ತನಕ ಹೋಗುವುದೇ ಕಷ್ಟ, ಅಲ್ವಾ? ನರದ ನೋವು ಕೂಡ ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ. ಕೈ ಒಂದು ಮಟ್ಟಕ್ಕೆ ಬಂದಾಗ ಮಾತ್ರ ಚುಳಕ್ಕೆಂದು, ಪೂರ್ತಿ ಮೇಲೆ ಹೋದ ಮೇಲೆ ನೋವು ಕಡಿಮೆಯಾದರೆ, ಅದು ಹೆಗಲಿನ ಸ್ನಾಯುರಜ್ಜುವಿನ ತೊಂದರೆ. ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ ಆ ರಜ್ಜು ಹರಿದಿರಬಹುದು, ಅದಕ್ಕೆ ತಡಮಾಡಬಾರದು.

ತಡಮಾಡಬಾರದವು ಇನ್ನೂ ಕೆಲವಿವೆ. ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ಕೈ ತಡವರಿಸುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು. ಇದು ಬೆನ್ನುಹುರಿಯೇ ಒತ್ತಿಕೊಂಡಿರುವ ಲಕ್ಷಣ, ಇಲ್ಲಿ ಆಪರೇಷನ್ ಬೇಗ ಆದಷ್ಟೂ ಒಳ್ಳೆಯದು. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ಕುತ್ತಿಗೆ ನೋವು ಇದ್ದರೆ ಮೂಳೆಯ ಕ್ಷಯ (ಟಿಬಿ) ಅಥವಾ ಗಡ್ಡೆ ಇದೆಯೇ ನೋಡಬೇಕು. ಬಹಳ ವರ್ಷ ಬೀಡಿ ಸೇದಿದವರಿಗೆ ಶ್ವಾಸಕೋಶದ ತುದಿಯ ಗಡ್ಡೆಯೂ ಹೆಗಲು ನೋವಾಗಿ ಬರಬಹುದು. ಇನ್ನು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಗಲು, ದವಡೆ, ರಟ್ಟೆ ನೋಯ್ದು ನಿಂತರೆ ಇಳಿಯುವುದು, ಜೊತೆಗೆ ಬೆವರು, ಆಯಾಸ ಇದ್ದರೆ ಅದು ಹೃದಯ. ಶುಗರ್ ಇದ್ದವರಿಗೆ ಎದೆ ನೋಯದೆಯೇ ಹೃದಯಾಘಾತ ಆಗಬಹುದು. ಎಣ್ಣೆ ಹಚ್ಚಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಇನ್ನು ನಿಮ್ಮ ಹೊಲಿಗೆ. ಬಿಡಬೇಡಿ. ಅದು ನಿಮ್ಮ ಅನ್ನ, 22 ವರ್ಷದ ಕಸುಬು. ಕೂರುವ ರೀತಿ ಬದಲಿಸಿದರೆ ಸಾಕು. ತಲೆಯ ತೂಕ ಸುಮಾರು 5 ಕೆ.ಜಿ., ಒಂದು ಸಣ್ಣ ಅಕ್ಕಿ ಚೀಲ. ಮುಂದೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳು ಆ ಚೀಲವನ್ನು ಜೋತು ಹಿಡಿದಿರಬೇಕು. ಟೈಲರ್‌ಗಳು ಯಾಕೆ ಬಾಗುತ್ತಾರೆ? ಹೆಚ್ಚಿನ ಸಲ ಕಣ್ಣು ಕಾಣುವುದಿಲ್ಲವೆಂದು. 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ, ಗೊತ್ತಿಲ್ಲದೆ ಸೂಜಿಯ ಹತ್ತಿರ ಮುಖ ಇಳಿಯುತ್ತದೆ. ಕಣ್ಣು ಪರೀಕ್ಷೆ ಮಾಡಿಸಿ ಹೊಲಿಗೆಯ ದೂರಕ್ಕೆ ಸರಿಯಾದ ಕನ್ನಡಕ ಕೇಳಿ. ಮಷಿನ್ ಪಕ್ಕ ಒಂದು ಒಳ್ಳೆಯ ಎಲ್‌ಇಡಿ ದೀಪ ಹಾಕಿಸಿ. ಸ್ಟೂಲ್ ಬಿಟ್ಟು ಬೆನ್ನು ಒರಗುವ ಕುರ್ಚಿ ತೆಗೆದುಕೊಳ್ಳಿ, ಮೊಣಕೈ ಮಷಿನ್ ಹಲಗೆಯ ಮಟ್ಟಕ್ಕೆ ಬರಲಿ. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುತ್ತಿದ್ದರೆ ಸೊಂಟದ ಎತ್ತರದ ಮೇಜಿಗೆ ಬದಲಿಸಿ, ನಿಂತು ಕತ್ತರಿಸಿ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಮೇಲಿನ ಅಟ್ಟದಲ್ಲಿರುವ ದಾರದ ಡಬ್ಬಿಗಳನ್ನು ಎದೆಯ ಮಟ್ಟಕ್ಕೆ ಇಳಿಸಿಕೊಳ್ಳಿ.

ರಾತ್ರಿ ಒಂದೇ ದಿಂಬು, ಎಡಕ್ಕೆ ಮಲಗಿ. ಬಲಗೈಯ ಕೆಳಗೆ, ಎದೆಗೆ ಅಪ್ಪಿಕೊಂಡಂತೆ ಇನ್ನೊಂದು ದಿಂಬು ಇರಲಿ. ಕೈ ಜೋತು ಬೀಳದಿದ್ದರೆ ನಿದ್ದೆ ಬರುತ್ತದೆ.

ಹುಕ್ಕಿಗೂ ಒಂದು ದಾರಿ ಇದೆ, ಅದು ನಿಮ್ಮ ಕೈಯಲ್ಲೇ ಇದೆ. ಗಿರಾಕಿಗಳ ಬಟ್ಟೆ ಎರಡು ದಿನ ಪಕ್ಕಕ್ಕಿಟ್ಟು ನಿಮಗೇ ಮೂರು ರವಿಕೆ ಹೊಲಿದುಕೊಳ್ಳಿ. ಹುಕ್ಕು ಮುಂದೆ ಇರಲಿ, ಬಲಗಡೆ ಕಂಕುಳಲ್ಲಿ ಎಂದಿಗಿಂತ ಒಂದು ಇಂಚು ಸಡಿಲ ಬಿಡಿ. ಒಳಗೆ ತೊಡುವುದನ್ನೂ ಮುಂದೆ ಹುಕ್ಕಿರುವುದನ್ನೇ ಕೊಳ್ಳಿ. ತೊಡುವಾಗ ಬಲಗೈ ಮೊದಲು ತೂರಿಸಿ, ಬಿಚ್ಚುವಾಗ ಎಡಗೈ ಮೊದಲು ತೆಗೆದು ಬಲಗೈಯನ್ನು ಕೊನೆಗೆ ಬಿಡಿಸಿಕೊಳ್ಳಿ.